ಸ್ಟೀಮರಿನಿಂದ ದಡಕ್ಕೆ ಹೋಗಿ ಬರುವ ಬಗೆ

ಸ್ಟೀಮರಿನಲ್ಲಿ ಹೋಗುವಾಗ ನಡುವೆ ಬಂದರು ಸಿಕ್ಕರೆ ದಡಕ್ಕಿಳಿದು, ಊರು ನೋಡಿ, ಮತ್ತೆ ಅದೇ ಹಡಗು ಹತ್ತುವುದು ಹೇಗೆ ಎಂದು ಮೂಡಲಗಿ ಪೇಟೆಯಲ್ಲಿ ಯಾರಿಗಾದರೂ ಸಂಶಯ ಬಂದರೆ ಅವರನ್ನು ನೇರ ನನ್ನ ಅಂಗಡಿಗೆ ಕಳಿಸುತ್ತಾರೆ. "ದುಂಡಪ್ಪಗ ಕೇಳ್ರಿ, ಅಂವ ಹೋಗಿ ಬಂದಾನ" ಎನ್ನುತ್ತಾರೆ. ಹೋದದ್ದು ನಿಜ. ಹೇಗೆ ಬಂದೆ ಎಂದು ಮಾತ್ರ ಒಬ್ಬನೂ ಕೇಳಿಲ್ಲ. ನಮ್ಮ ಪೇಟೆಯ ಮಂದಿಗೆ ಅರ್ಧ ಸುದ್ದಿ ಸಿಕ್ಕರೆ ಸಾಕು, ಉಳಿದರ್ಧವನ್ನು ಅವರೇ ಹುಟ್ಟಿಸಿಕೊಳ್ಳುತ್ತಾರೆ.

ಬಂದವರಿಗೆ ಚಹಾ ಕುಡಿಸಿ ನಾನು ಹೇಳುವುದು ಇಷ್ಟು. ಲಂಗರು ಬೀಳುವ ಮೊದಲೇ ಹಡಗಿನ ಕಾರಕೂನನನ್ನು ಹಿಡಿಯಬೇಕು, ಬಿದ್ದ ಮೇಲೆ ಅವನು ಕೈಗೆ ಸಿಗುವುದಿಲ್ಲ. ಇಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಕೇಳಬೇಕು, ಅವನು ಹೇಳಿದ್ದರಲ್ಲಿ ಅರ್ಧ ನಂಬಬೇಕು. ಟಿಕೀಟಿನ ಬೆನ್ನಿಗೆ ಅವನ ಸಿಕ್ಕಾ ಹಾಕಿಸಿಕೊಳ್ಳಬೇಕು, ಅದಿಲ್ಲದೆ ತಿರುಗಿ ಹತ್ತಲು ಬಿಡುವುದಿಲ್ಲ. ದೋಣಿಯ ತಾಂಡೇಲನ ಹತ್ತಿರ ಹೋಗುವ ಮಾತು ಆಡಬಾರದು, ಹೋಗಿ ಬರುವ ಮಾತು ಆಡಬೇಕು. ಕೂಲಿಯನ್ನೆಲ್ಲ ಮೊದಲೇ ಕೊಟ್ಟಿರೋ, ಅವನು ದಡದಲ್ಲಿ ಬೀಡಿ ಸೇದುತ್ತ ಕೂತುಬಿಡುತ್ತಾನೆ. ಮತ್ತೆ, ಎಲ್ಲಿಗೇ ಹೋಗಿರಿ, ಒಂದು ಕಿವಿ ಹಡಗಿನ ಕೂಗಿನ ಕಡೆಗಿರಬೇಕು. ಇವಿಷ್ಟನ್ನೂ ತಪ್ಪದೆ ಮಾಡಿದವನು ನಾನು, ಆದರೂ ಹಡಗು ನನ್ನನ್ನು ಬಿಟ್ಟು ಹೋಯಿತು.

ಆ ಪ್ರಯಾಣ ತುಕ್ಕಾನಟ್ಟಿಯ ಜಿನ್ನವ್ವ ಆಯಿಯದು. ಆಯಿ ಎಂದರೆ ನನ್ನ ಗೆಳೆಯ ಆದಿನಾಥನ ತಾಯಿ. ಅವರು ಜೈನರು, ನಾವು ಲಿಂಗವಂತರು. ಅವರ ಹೊಲದ ಹತ್ತಿ ನನ್ನ ಅಂಗಡಿಗೇ ಬರುತ್ತಿತ್ತು, ಹಬ್ಬಕ್ಕೆ ಅವರ ಮನೆಯ ಹೋಳಿಗೆಯೂ ಬರುತ್ತಿತ್ತು. ಆಯಿ ಮದುವೆಯಾಗಿ ಬಂದ ಹೊಸತರಲ್ಲಿ ಅವರ ಅತ್ತೆ ಕಾರ್ಕಳಕ್ಕೆ ಹೋಗಿ ಗೊಮ್ಮಟನ ಮಸ್ತಕಾಭಿಷೇಕ ನೋಡಿ ಬಂದಿದ್ದರಂತೆ. ಬೆಟ್ಟದಷ್ಟೆತ್ತರದ ಕಲ್ಲಿನ ಸ್ವಾಮಿ, ತಲೆಯ ಮೇಲೆ ಹಾಲು ಸುರಿದರೆ ಅದು ಹಣೆಗಿಳಿದು, ಹೆಗಲಿಗಿಳಿದು, ತೊಡೆಗೆ ಸುತ್ತಿದ ಬಳ್ಳಿಯ ಮೇಲೆ ಹರಿದು ಪಾದಕ್ಕೆ ಬರುವಷ್ಟರಲ್ಲಿ ನೋಡುವವರ ಕಣ್ಣೂ ತುಂಬಿ ಹರಿಯುತ್ತವೆ ಎಂದು ಅವರು ಹೇಳಿದ್ದು ಆಯಿಯ ಮನಸ್ಸಿನಲ್ಲಿ ನಾಟಿಬಿಟ್ಟಿತ್ತು. ಅಭಿಷೇಕ ಬಹಳ ವರ್ಷಕ್ಕೊಮ್ಮೆ ಬರುತ್ತದೆ. ಬಂದಾಗೆಲ್ಲ ಆಯಿಗೆ ಬಾಣಂತನ, ಇಲ್ಲ ಯಾರದೋ ಸಾವು, ಇಲ್ಲ ಸುಗ್ಗಿ. ಈ ಸಲ ಬಂದಾಗ ಅವರ ಬಲಗಣ್ಣು ಹೋಗಿತ್ತು, ಎಡಗಣ್ಣಿಗೆ ಪೊರೆ ಬರುತ್ತಿತ್ತು. ಹುಕ್ಕೇರಿಯ ವೈದ್ಯರು ರೆಪ್ಪೆ ಎತ್ತಿ ನೋಡಿ, "ನೋಡೂದೇನರ ಇದ್ರ ಈ ವರ್ಷ ನೋಡಿಬಿಡ್ರಿ, ಆಯಿ" ಎಂದಿದ್ದರು.

ಅಂಥದ್ದರಲ್ಲಿ ಆದಿನಾಥ ಚಕ್ಕಡಿಯಿಂದ ಬಿದ್ದು ಕಾಲು ಮುರಿದುಕೊಂಡ. ನಾನು ಹೊಸ ಅಂಗಡಿಗೆ ಹಂಚು ಕೊಳ್ಳಲು ಮಂಗಳೂರಿಗೆ ಹೊರಟಿದ್ದೆ. "ನಿನ್ನ ಸಂಗಾಟ ಕರಕೊಂಡು ಹೋಗು ಮಾರಾಯಾ, ಅಭಿಷೇಕದ ಕಡೀ ದಿನಕ್ಕರ ಮುಟ್ಟಸು" ಎಂದು ಹಾಸಿಗೆಯಲ್ಲೇ ನನ್ನ ಕೈ ಹಿಡಿದುಕೊಂಡ. ನನಗೆ ಮುದುಕರನ್ನು ಕರೆದುಕೊಂಡು ತಿರುಗುವ ತಾಳ್ಮೆ ಇಲ್ಲ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ಆದರೂ ಆ ಹೊತ್ತಿಗೆ ಒಲ್ಲೆ ಎನ್ನಲು ಬಾಯಿ ಬರಲಿಲ್ಲ.

ಗೋಕಾಕ ರೋಡಿನಲ್ಲಿ ರೈಲು ಹತ್ತಿ, ಲೋಂಡಾದಲ್ಲಿ ಬದಲಿಸಿ, ಪಿರಂಗಿ ಸರಕಾರದ ಸುಂಕದ ನಾಕೆಯಲ್ಲಿ ಗಂಟು ಬಿಚ್ಚಿ ತೋರಿಸಿ, ಮುರಗಾಂವ ಬಂದರಿಗೆ ಬಂದೆವು. ಸಮುದ್ರ ಕಂಡದ್ದು ಅಲ್ಲಿ. ಮಳೆಗಾಲದಲ್ಲಿ ಗೋಕಾಕದ ಧಬಧಬೆ ನೋಡಿದವನು ನಾನು, ನೀರು ನನಗೆ ಹೊಸದಲ್ಲ ಎಂದುಕೊಂಡಿದ್ದೆ. ಆದರೆ ಆಚೆ ದಡವೇ ಇಲ್ಲದ ನೀರು ಎದುರಿಗೆ ನಿಂತಾಗ ನಾನು ಗಂಟನ್ನು ಎದೆಗವಚಿಕೊಂಡೆ. ಆಯಿ ಪೊರೆಗಣ್ಣಿನಿಂದ ಬಹಳ ಹೊತ್ತು ನೋಡಿದರು. ಆಮೇಲೆ ಸೆರಗು ತಲೆಗೆಳೆದು ಕೈ ಮುಗಿದರು.

"ಗಂಗವ್ವಗ ಕೈ ಮುಗದ್ರೇನ್ರಿ?" ಎಂದೆ.

"ಇಲ್ಲೋ ತಮ್ಮ. ಇಷ್ಟ ನೀರಾಗ ಎಷ್ಟ ಜೀವ ಇರಬೇಕ? ಅವಕ್ಕ ಮುಗದ್ನಿ" ಎಂದರು.

ಆಯಿಯ ನೇಮ ನಿಮಗೆ ಹೇಳಬೇಕು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಕುಡಿಯುವ ನೀರು ಬಾವಿಯದೇ ಆಗಬೇಕು, ಆಗಷ್ಟೇ ಸೇದಿ, ಎರಡು ಪದರದ ಅರಿವೆಯಲ್ಲಿ ಸೋಸಿದ್ದಾಗಬೇಕು. ಹಡಗಿನ ನಳದ ನೀರನ್ನು ಅವರು ಮುಟ್ಟುವವರಲ್ಲ. ಹೀಗಾಗಿ ಊರು ನೋಡುವ ಶೋಕಿಗೆ ಉಳಿದವರು ದಡಕ್ಕಿಳಿದರೆ ನಾವು ಇಳಿಯುತ್ತಿದ್ದದ್ದು ಒಂದು ತಂಬಿಗೆ ನೀರಿಗೆ. ಕಾರವಾರದಲ್ಲಿ ಎಲ್ಲ ಸುಸೂತ್ರವಾಯಿತು. ಕಾರಕೂನನ ಸಿಕ್ಕಾ, ತಾಂಡೇಲನ ಮಾತು, ದೋಣಿ, ಬಾವಿ, ಮರಳಿ ಹಡಗು. ಈ ವಿದ್ಯೆಯಲ್ಲಿ ನಾನು ಪಳಗಿಬಿಟ್ಟೆ ಎಂಬ ಜಂಬವೂ ಬಂತು.

ಹೊನ್ನಾವರದಲ್ಲಿ ಹಡಗು ದಡಕ್ಕೆ ಹತ್ತಿರ ಹೋಗುವುದಿಲ್ಲ. ಶರಾವತಿ ಬಂದು ಕಡಲಿಗೆ ಸೇರುವ ಕಡೆ ಅಡಿಯಲ್ಲಿ ಮರಳು ಏರಿರುತ್ತದೆ, ಅಲೆಗಳು ಅಲ್ಲಿ ಎದ್ದು ಬೀಳುತ್ತವೆ. ಅದಕ್ಕೆ ಅವರು ಅಳಿವೆ ಎನ್ನುತ್ತಾರೆ. ಹಡಗು ಹೊರಗೆ ನಿಂತಿತು, ನಾವು ದೋಣಿಯಲ್ಲಿ ಅಳಿವೆ ದಾಟಿ ಊರು ಸೇರಿದೆವು. ಬಂದರಿನ ಮೇಲಿನ ತೆಂಗಿನ ತೋಟದಲ್ಲಿ ಒಬ್ಬ ಶೆಟ್ಟರ ಮನೆಯ ಬಾವಿ ಸಿಕ್ಕಿತು. ಮನೆಯ ಹೆಣ್ಣುಮಗಳು "ಸೇದಿಕೊಳ್ಳಿ" ಎಂದಳು. ಆಯಿ ತಮ್ಮದೇ ಹಗ್ಗ ಇಳಿಬಿಟ್ಟು ಸೇದಿದರು, ನೀರಿನ ಗಿಂಡಿಯ ಬಾಯಿಗೆ ಅರಿವೆ ಕಟ್ಟಿ ನಿಧಾನಕ್ಕೆ ಸೋಸಿದರು. ಆಮೇಲೆ ಅರಿವೆಯನ್ನು ಮಗುಚಿ ಹಿಡಿದು, ಸೋಸಿದ ನೀರನ್ನೇ ಸ್ವಲ್ಪ ಮೇಲೆ ಹನಿಸಿ, ಅದನ್ನು ಇನ್ನೊಂದು ತಂಬಿಗೆಗೆ ಇಳಿಸುತ್ತಿದ್ದರು. ಅಷ್ಟರಲ್ಲಿ ಹಡಗು ಕೂಗಿತು.

"ಏಳ್ರಿ ಆಯಿ, ಏಳ್ರಿ. ಹಡಗ ನಿಮ್ಮ ಬೀಗರದಲ್ಲ, ಕಾಯಾಕ" ಎಂದು ನಾನು ಅವರ ರಟ್ಟೆ ಹಿಡಿದು ಎಬ್ಬಿಸಿದೆ. ಗಂಟು, ಹಗ್ಗ, ಗಿಂಡಿ, ತಂಬಿಗೆ ಎಲ್ಲವನ್ನೂ ಬಾಚಿಕೊಂಡು ದೋಣಿಗೆ ಓಡಿದೆವು. ಹಡಗು ಹತ್ತಿ ನೋಡಿದರೆ ಅದು ಹೊರಡುವ ಲಕ್ಷಣವೇ ಇರಲಿಲ್ಲ, ಇನ್ನೂ ಕೊಬ್ಬರಿಯ ಚೀಲ ಏರಿಸುತ್ತಿದ್ದರು. ಆ ಕೂಗು ಬರೀ ಮೊದಲ ಕೂಗಂತೆ. ಸುಳ್ಳೇ ಓಡಿಸಿದ ಹಡಗಿಗೆ ನಾಲ್ಕು ಬೈಗುಳ ಬೈದು ನಾನು ನೆರಳಿಗೆ ಕೂತೆ.

ಆಯಿ ಗಿಂಡಿ ಬಾಯಿಗೆ ಹಚ್ಚುವವರಿದ್ದರು. ಹಚ್ಚಲಿಲ್ಲ. ಗಂಟಿನೊಳಗೆ ಕೈ ಹಾಕಿ ತಂಬಿಗೆ ಹೊರತೆಗೆದರು, ಒಳಗೆ ಬೆರಳಾಡಿಸಿ ಒದ್ದೆ ಅರಿವೆ ಮುಟ್ಟಿ ನೋಡಿದರು.

"ದುಂಡಪ್ಪ, ಇವನ್ನ ಬಿಡೂದ ಮರತ್ನಲ್ಲೋ."

"ಯಾವನ್ನ್ರಿ?"

"ಬಾವ್ಯಾಗಿನ ಜೀವ. ಸೋಸಿದ ಮ್ಯಾಲ ಅರಿವ್ಯಾಗ ಉಳದಿರ್ತಾವಲ್ಲ, ಅವನ್ನ ಆ ಬಾವಿಗೇ ತಿರುಗಿ ಬಿಡಬೇಕ. ಬಿಡಲಾರದ ಎತಗೊಂಡು ಬಂದೇನಿ."

ನಾನು ಬಗ್ಗಿ ನೋಡಿದೆ. ತಂಬಿಗೆಯ ತಳದಲ್ಲಿ ಒಂದು ಗುಟುಕು ನೀರು, ಅದರಲ್ಲಿ ಅರಿವೆಯ ಚುಂಗು. ಬಿಸಿಲಿಗೆ ಹಿಡಿದು ನೋಡಿದರೂ ಬೇರೇನೂ ಕಾಣಲಿಲ್ಲ.

"ಏನೂ ಇಲ್ಲಲ್ರಿ ಇದರಾಗ."

"ನಿನಗ ಕಾಣೂದಿಲ್ಲ. ನನಗಂತೂ ಹೆಂಗ ಕಾಣಬೇಕ. ಆದ್ರ ಅದಾವ."

"ಹಂಗಾದ್ರ ಸಮುದ್ರಕ್ಕ ಹಾಕ್ರಿ. ಇಷ್ಟ ದೊಡ್ಡ ನೀರೈತಿ, ಆರಾಮ ಇರ್ತಾವ."

"ಸಿಹಿ ನೀರಾಗ ಹುಟ್ಟಿದ್ವು ಉಪ್ಪಿನಾಗ ಬದಕ್ತಾವೇನೋ? ಸುಟ್ಟಂಗ ಆಗಿ ಸಾಯ್ತಾವ."

"ನಾಳಿ ಮುಂದಿನ ಬಂದರದಾಗ ಬಾವಿ ಇರ್ತೈತಿ."

"ಅದು ಬ್ಯಾರೆ ಬಾವಿ, ಬ್ಯಾರೆ ನೀರು. ಒಬ್ಬರ ಮನಿ ಕೂಸನ್ನ ಎತಗೊಂಡು ಬಂದು ಇನ್ನೊಬ್ಬರ ಮನ್ಯಾಗ ಬಿಟ್ರ ನಡಿತೈತೇನ? ನಾಳಿ ಮಟ ಈ ತಂಬಿಗ್ಯಾಗ ಇರೂದೂ ಇಲ್ಲ ಅವು."

ನನ್ನ ತಲೆ ಕೆಟ್ಟುಹೋಯಿತು. ಆದರೂ ಹೋಗಿ ಕಾರಕೂನನ ಎದುರು ನಿಂತೆ. ಅವನು ಕಾರವಾರದ ಕಡೆಯವನು, ಕಿವಿಗೆ ಸೀಸದಕಡ್ಡಿ ಸಿಕ್ಕಿಸಿಕೊಂಡು ಚೀಲ ಏರಿಸುವುದನ್ನು ನೋಡುತ್ತಿದ್ದ. ಮತ್ತೊಮ್ಮೆ ದಡಕ್ಕೆ ಹೋಗಿ ಬರಬೇಕು ಎಂದೆ.

"ಯಾರಾದರೂ ದಡದಲ್ಲಿ ಉಳಿದುಬಿಟ್ಟರಾ?" ಎಂದ ಅವನು ಗಾಬರಿಯಿಂದ.

"ಉಳದಿಲ್ರಿ. ಅಲ್ಲಿಯವರನ್ನ ಇಲ್ಲಿ ತಂದೇವಿ."

"ಎಷ್ಟು ಜನ?"

"ಅದು ದೇವರಿಗೇ ಗೊತ್ರಿ" ಎಂದು ನಾನು ತಂಬಿಗೆಯ ಸಂಗತಿ ಹೇಳಿದೆ. ಅವನು ಮೊದಲು ನಕ್ಕ. ಆಮೇಲೆ ದೂರದಲ್ಲಿ ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಆಯಿಯನ್ನು ನೋಡಿದ, ನಗು ನಿಂತಿತು. "ಕಡೆಯ ದೋಣಿ ಈಗ ವಾಪಸು ಹೋಗ್ತದೆ. ಅದು ತಿರುಗಿ ಬರೋದಿಲ್ಲ, ನೀರು ಇಳಿತಾ ಇದೆ, ಅಳಿವೆ ಕಟ್ಟಿಬಿಡ್ತದೆ. ನಾನು ಸಿಕ್ಕಾ ಹಾಕೋದಿಲ್ಲ ಯಜಮಾನರೇ. ಇಳಿದರೆ ಇಳಿದ ಹಾಗೆ. ಮುಂದಿನ ಸ್ಟೀಮರು ಬರೋದು ಎಂಟು ದಿವಸದ ಮೇಲೆ" ಎಂದ.

ಅಭಿಷೇಕದ ಕಡೆಯ ದಿನ ನಾಡಿದ್ದು. ನಾನು ಬಂದು ಆಯಿಯ ಎದುರು ಕುಕ್ಕರಗಾಲಿನಲ್ಲಿ ಕೂತೆ. ಸಿಟ್ಟು ಬಂದಾಗ ನಾನು ಹಾಗೆಯೇ ಕೂರುವುದು.

"ಆಯಿ, ಕೇಳ್ರಿ. ಇಳದ್ರ ಹಡಗ ಹೋತು, ಅಭಿಷೇಕನೂ ಹೋತು. ಮುಂದಿನ ಸಲಕ್ಕ ನಿಮ್ಮ ಕಣ್ಣ ಇರೂದಿಲ್ಲ. ಕಣ್ಣಿಗಿ ಕಾಣಲಾರದ ಹುಳಕ್ಕೋಸ್ಕರ ಕಣ್ಣಾರೆ ಕಾಣೂ ಸ್ವಾಮಿನ್ನ ಬಿಡ್ತೀರೇನ್ರಿ? ಜಲ್ಮಪೂರ್ತಿ ಕಾದೀರಿ."

"ಕಾದೇನಿ" ಎಂದರು ಆಯಿ.

"ಮತ್ತ?"

"ಸ್ವಾಮಿ ಅಲ್ಲೇ ನಿಂತಿರ್ತಾನ. ಅಂವಗ ನನ್ನ ಹಂಗಿಲ್ಲ. ಇವಕ್ಕ ನಾ ಬಿಟ್ರ ಯಾರೂ ಇಲ್ಲ. ನಾನ ಎತಗೊಂಡು ಬಂದೇನಿ, ನಾನ ಬಿಡಬೇಕ." ಆಮೇಲೆ ಸಣ್ಣ ದನಿಯಲ್ಲಿ, "ನೀ ಹೋಗಪಾ, ನಿನಗ ಹಂಚಿನ ಕೆಲಸ ಐತಿ. ನಾ ಒಬ್ಬಾಕಿನ ಇಳೀತೇನಿ" ಎಂದರು.

ಒಂದು ಕಣ್ಣಿಲ್ಲದ, ಇನ್ನೊಂದು ಕಣ್ಣು ಮಬ್ಬಾದ ಮುದುಕಿ, ಗೊತ್ತಿಲ್ಲದ ಊರಿನಲ್ಲಿ ಒಬ್ಬಳೇ ಇಳಿಯುತ್ತಾಳಂತೆ. ಇದಕ್ಕೆ ಏನೆನ್ನಬೇಕು. ಗಂಟು ನಾನು ಹೊತ್ತುಕೊಂಡೆ, ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡೆ.

ಹಡಗಿನಿಂದ ದೋಣಿಗೆ ಇಳಿಯುವಾಗಲೂ ಆಯಿ ತಂಬಿಗೆಯನ್ನು ನನ್ನ ಕೈಗೆ ಕೊಡಲಿಲ್ಲ. ಅಳಿವೆಗೆ ಬಂದಾಗ ದೋಣಿ ಏರಿ ಬೀಳತೊಡಗಿತು, ನೀರು ಮುಖಕ್ಕೆ ರಾಚಿತು. ಆಯಿಗೆ ಜೀವಭಯ ಇದ್ದೇ ಇತ್ತು. ಆದರೂ ದೋಣಿಯ ಅಂಚು ಹಿಡಿಯದೆ ಎರಡೂ ಕೈಯಿಂದ ತಂಬಿಗೆಯ ಬಾಯಿ ಮುಚ್ಚಿಕೊಂಡಿದ್ದರು. ನಾನು ಅವರ ಸೊಂಟ ಹಿಡಿದು ಕೂತೆ.

"ಅಜ್ಜಿ ಎಂತದು ಹಿಡ್ಕಂಡದು? ಹಾಲಾ?" ಎಂದು ತಾಂಡೇಲ ಕೇಳಿದ. ಅರ್ಧ ಮುಪ್ಪಾದ ಮೀನುಗಾರ, ಹುಟ್ಟಿದಾಗಿನಿಂದ ಬಲೆ ಎಳೆದ ಕೈ. ನಾನು ಗೊಣಗುತ್ತಲೇ ವಿಷಯ ಹೇಳಿದೆ. ಇವನಾದರೂ ನಗಲಿ, ನನಗೆ ಜೊತೆಯಾಗಲಿ ಎಂದುಕೊಂಡೆ. ಅವನು ನಗಲಿಲ್ಲ. ತಲೆಗೆ ಸುತ್ತಿದ ವಸ್ತ್ರ ಬಿಚ್ಚಿ, ಒಣಗಿದ ಭಾಗ ಹುಡುಕಿ ಮಡಚಿ ನನ್ನ ಕಡೆಗೆಸೆದ. "ಮುಚ್ಚಿ ಒಡೆಯಾ. ಉಪ್ಪುನೀರು ಹಾರ್ತದೆ" ಎಂದ. ನಾನು ಅದನ್ನು ಆಯಿಯ ಕೈಗಳ ಮೇಲೆ ಹೊದಿಸಿದೆ.

ಬಾವಿಯ ಹತ್ತಿರ ಬಂದಾಗ ಸಂಜೆಯ ಬಿಸಿಲು ತೆಂಗಿನ ತಲೆಗೆ ಏರಿತ್ತು. ಆ ತಂಬಿಗೆಗೆ ಎರಡು ದಾರ ಇರುತ್ತವೆ, ಒಂದು ಕುತ್ತಿಗೆಗೆ, ಒಂದು ತಳಕ್ಕೆ. ಕುತ್ತಿಗೆಯ ದಾರದಿಂದ ನೆಟ್ಟಗೆ ಇಳಿಸಿ, ನೀರು ಮುಟ್ಟಿದ ಮೇಲೆ ತಳದ ದಾರ ಜಗ್ಗಿದರೆ ತಂಬಿಗೆ ಮೆಲ್ಲಗೆ ಮಗುಚುತ್ತದೆ. ಮೇಲಿಂದ ಸುರಿದರೆ ಅವಕ್ಕೆ ಪೆಟ್ಟಾಗುತ್ತದಂತೆ. ಮನೆಯ ಬಾವಿಯಾದರೆ ಆಯಿಗೆ ಕೈಯ ಅಳತೆ ಗೊತ್ತು, ಇದು ಪರಸ್ಥಳದ್ದು. ಕಣ್ಣು ಕಿರಿದು ಮಾಡಿ ಬಗ್ಗಿ ನೋಡಿದರು, ಕತ್ತಲೆ ಬಿಟ್ಟು ಏನೂ ಕಾಣಲಿಲ್ಲ. ದಾರ ನನ್ನ ಕೈಗೆ ಕೊಟ್ಟರು.

"ನೀನ ಇಳಿಸು. ನೀರ ಮುಟ್ಟಿದ್ದ ಖಾತ್ರಿ ಆದ ಮ್ಯಾಲ ಜಗ್ಗು."

ನಾನು ಇಳಿಸಿದೆ. ನನ್ನ ಜೀವಮಾನದಲ್ಲಿ ಅಷ್ಟು ನಿಧಾನವಾಗಿ ಯಾವ ಕೆಲಸವನ್ನೂ ಮಾಡಿದವನಲ್ಲ. ಕೆಳಗೆ ಒಂದು ತಟ್ಟೆಯಷ್ಟು ಆಕಾಶ, ಅದರೊಳಗೆ ನನ್ನ ತಲೆ. ತಂಬಿಗೆ ಹೋಗಿ ಅದನ್ನು ಮುಟ್ಟಿತು. ಅದೇ ಹೊತ್ತಿಗೆ ಕಡಲಿನ ಕಡೆಯಿಂದ ಹಡಗಿನ ಉದ್ದನೆಯ ಕೂಗು ಬಂತು. ನಾನು ತಲೆ ಎತ್ತಿದೆ. ಆಯಿ ಎತ್ತಲಿಲ್ಲ.

"ಮುಟ್ಟಿತೇನೋ?"

"ಮುಟ್ಟಿತ್ರಿ."

"ಜಗ್ಗು ಹಂಗಾರ, ಸಾವಕಾಶ."

ಜಗ್ಗಿದೆ. ಸಪ್ಪಳವೇ ಆಗಲಿಲ್ಲ. ನೀರಿನ ಮೇಲೆ ಒಂದು ಸಣ್ಣ ಸುತ್ತು ಎದ್ದು ಗೋಡೆಗೆ ಹೋಗಿ ಆರಿತು, ನನ್ನ ಮೈಯ ರೋಮ ಎದ್ದು ನಿಂತವು. ಯಾಕೆ ಎಂದು ಕೇಳಬೇಡಿ. ಏನೂ ಕಂಡಿರಲಿಲ್ಲ, ಏನೂ ಕೇಳಿರಲಿಲ್ಲ. ಆದರೆ ಆ ನೀರಿನಲ್ಲಿ ಯಾರೋ ಮನೆಗೆ ಮುಟ್ಟಿದರು ಎಂದು ನನಗೆ ಖಂಡಿತವಾಗಿ ಅನ್ನಿಸಿತು. ನೀರಿನೊಳಗಿನ ಅಷ್ಟು ಜನರ ಎದುರು ನಾನೊಬ್ಬ ಧಡೂತಿ ಮನುಷ್ಯ ಬಗ್ಗಿ ನಿಂತಿದ್ದೇನೆ ಎಂದು ನಾಚಿಕೆಯಾಯಿತು, ಭಯವೂ ಆಯಿತು. ಕಟ್ಟೆಯಿಂದ ಒಂದು ಹೆಜ್ಜೆ ಹಿಂದೆ ಸರಿದೆ.

"ಹಡಗ ಹೋತೇನ?" ಎಂದು ಆಯಿ ಕೇಳಿದರು.

ತೆಂಗಿನ ನಡುವೆ ಹೊಗೆ ತೆಂಕಲಿಗೆ ಸರಿಯುತ್ತಿತ್ತು. "ಹೋತ್ರಿ" ಎಂದೆ.

ಆಗ ಆಯಿ ಬಾವಿಕಟ್ಟೆಯ ಮೇಲೆ ಕೂತು ಅತ್ತರು. ಸೆರಗು ಬಾಯಿಗೆ ಒತ್ತಿಕೊಂಡು, ಸಣ್ಣ ಹುಡುಗಿಯರು ಅಳುವಂತೆ ಬಿಕ್ಕಿ ಬಿಕ್ಕಿ ಅತ್ತರು. ಅಷ್ಟು ವರ್ಷದ ಆಸೆ ಹೋದದ್ದಕ್ಕೆ ಅವರಿಗೆ ಏನೂ ಅನ್ನಿಸಲಿಲ್ಲ ಎಂದು ನಾನು ತಿಳಿದಿದ್ದರೆ ನಾನು ದಡ್ಡ. ಶೆಟ್ಟರ ಮನೆಯಾಕೆ ಬಂದು ಹತ್ತಿರ ನಿಂತಳು. ನಾನು ಹೊಸದಾಗಿ ನೀರು ಸೇದಿ, ಅರಿವೆ ಕಟ್ಟಿ ಸೋಸಿದೆ, ಅರಿವೆಯಲ್ಲಿ ಉಳಿದದ್ದನ್ನು ಮೊದಲಿನ ಹಾಗೆಯೇ ಇಳಿಸಿ ಬಿಟ್ಟೆ, ಆಮೇಲೆ ಆಯಿಗೆ ಗಿಂಡಿ ಕೊಟ್ಟೆ. ಹೊತ್ತು ಮುಳುಗುವ ಮುಂಚೆ ಅವರು ಕುಡಿದರು.

ನೆಲದ ದಾರಿ ಹಿಡಿದು ಹೊರಟೆವು. ಆ ಸೀಮೆಯಲ್ಲಿ ದಾರಿ ಎಂದರೆ ಹೊಳೆ. ಒಂದು ದಾಟಿದರೆ ಇನ್ನೊಂದು, ಎಲ್ಲ ಕಡೆ ದೋಣಿಗೆ ಕಾಯಬೇಕು. ಸಿಕ್ಕಲ್ಲಿ ಮೋಟಾರು, ಸಿಗದಲ್ಲಿ ಎತ್ತಿನ ಗಾಡಿ. ನನ್ನ ಸಿಟ್ಟು ಎಲ್ಲಿ ಹೋಗಿತ್ತೋ, ಒಮ್ಮೆಯೂ ಬಾಯಿ ಮಾಡಲಿಲ್ಲ. ಕಾರ್ಕಳದ ಬಂಡೆಯ ಮೆಟ್ಟಿಲು ಹತ್ತುವಾಗ ಎದುರಿಗೆ ಮಂದಿ ಗಂಟುಮೂಟೆ ಕಟ್ಟಿಕೊಂಡು ಇಳಿಯುತ್ತಿದ್ದರು. ಅಭಿಷೇಕ ಹಿಂದಿನ ದಿನವೇ ಮುಗಿದಿತ್ತು.

ಮೇಲೆ ಆಳುಗಳು ಅಟ್ಟಣಿಗೆಯ ಕಂಬ ಬಿಚ್ಚುತ್ತಿದ್ದರು. ಅದರ ಹಿಂದೆ ಸ್ವಾಮಿ ನಿಂತಿದ್ದ. ನಾನು ಲಿಂಗ ಕಟ್ಟಿಕೊಂಡವನು, ನನ್ನ ದೇವರು ನನ್ನ ಅಂಗೈಯಲ್ಲಿ ಹಿಡಿಯುವಷ್ಟು. ಇಲ್ಲಿ ನನ್ನ ರುಮಾಲು ಅವನ ಮೊಣಕಾಲಿಗೂ ಮುಟ್ಟುವುದಿಲ್ಲ. ಬಟ್ಟೆಯಿಲ್ಲ, ಆಯುಧವಿಲ್ಲ, ಯಾರ ಮೇಲೂ ಸಿಟ್ಟಿಲ್ಲ. ಕುತ್ತಿಗೆ ನೋಯುವ ತನಕ ನೋಡಿದೆ.

"ಕಾಣ್ತಾನೇನ್ರಿ, ಆಯಿ?"

"ಎತ್ತರಕ್ಕ ಏನೋ ಕರ್ರಗ ಕಾಣತೈತಿ. ಮೋತಿ, ಕಣ್ಣು ಮೂಗು ತಿಳೀವಲ್ದು." ಮತ್ತೆ, "ಹಾಲು ಹರದಿದ್ದು ಇನ್ನೂ ಕಾಣಸ್ತೈತೇನೋ?" ಎಂದರು.

ಕಾಣುತ್ತಿತ್ತು. ಹೆಗಲಿನಿಂದ ತೋಳಿನ ಬಳ್ಳಿಯ ಗುಂಟ ಬಿಳಿಯ ಗೆರೆ, ಎದೆಯ ಮೇಲೆ ಅರಿಸಿನ, ತೊಡೆಯ ಮೇಲೆ ಗಂಧ. ಒಂದೊಂದನ್ನೇ ಹೇಳಿದೆ. ಆಯಿ ತಲೆಯಾಡಿಸುತ್ತ ಕೇಳಿದರು, ಅತ್ತೆ ಹೇಳಿದ್ದ ಹಾಗೆಯೇ ಇದೆ ಎಂದರು. ಆಮೇಲೆ ಬಲಗೈ ಮುಂದೆ ಚಾಚಿದರು.

"ನೋಡೂದಂತೂ ಆಗಲಿಲ್ಲ. ಪಾದಾನರ ಮುಟ್ಟಸು, ದುಂಡಪ್ಪ."

ನಾನು ಅವರ ಕೈ ಹಿಡಿದು ಪೀಠದ ಹತ್ತಿರ ಕರೆದುಕೊಂಡು ಹೋದೆ. ಅಭಿಷೇಕಕ್ಕೆ ಕಬ್ಬಿನ ಹಾಲೂ ಸುರಿದಿದ್ದರು. ಅದು ಪಾದದ ಸುತ್ತ ಅಂಟಾಗಿ ನಿಂತಿತ್ತು, ಅದರ ತುಂಬ ಇರುವೆ. ಬೆರಳ ಸಂದಿಯಲ್ಲಿ, ಹಿಮ್ಮಡಿಯ ಮೇಲೆ, ಪೀಠದ ಕಲ್ಲಿನ ಮೇಲೆ, ಕಾಲಿಡಲು ಜಾಗವಿಲ್ಲದಂತೆ ಸಣ್ಣ ಕೆಂಪಿರುವೆ. ಆಯಿಗೆ ಅವು ಕಾಣುವ ಹಾಗಿರಲಿಲ್ಲ. ಕೈ ಒಯ್ದು ಒತ್ತಿದರೆ ಮುಟ್ಟಿದ ಹಾಗಾಗುತ್ತಿತ್ತು, ಅವರು ಸುಖವಾಗಿ ಊರಿಗೆ ಹೋಗುತ್ತಿದ್ದರು. ಅವರ ಬೆರಳು ಕಲ್ಲಿನಿಂದ ಒಂದು ಗೇಣು ಈಚೆಗಿತ್ತು. ನನ್ನ ಕಾಲು ಎಲ್ಲಿಡಬೇಕು ಎಂದು ತಿಳಿಯದೆ ಒಂದೇ ಕಾಲಿನ ಮೇಲೆ ನಿಂತಿದ್ದೆ.

"ಆಯಿ, ಇರವಿ ಅದಾವ್ರಿ" ಎಂದೆ.

ಆಯಿ ತಟ್ಟನೆ ಕೈ ಹಿಂದೆ ತೆಗೆದುಕೊಂಡರು. "ಬಾಳ ಅದಾವೇನ?"

"ಬಾಳ ಅದಾವ್ರಿ."

"ಹಸದಿರ್ತಾವ, ಉಣ್ಣಲಿ" ಎಂದು ಅವರು ನನ್ನ ಭುಜ ಹಿಡಿದು ನಿಧಾನಕ್ಕೆ ಹಿಂದೆ ಸರಿದರು. ಒಂದಿಷ್ಟು ದೂರದಲ್ಲಿ ನಾನು ನೆಲವನ್ನು ನೋಡಿ, ಉಫ್ ಎಂದು ಊದಿ, ಜಾಗ ಮಾಡಿದೆ. ಅವುಗಳ ಊಟ ಮುಗಿಯಲಿ ಎಂದು ಇಬ್ಬರೂ ಕೂತೆವು.